ಅಂಟಿಸಿದ ಹಿಂಬಾಗಿಲು

ಓಣಿಯವರೆಲ್ಲ ಗಡಿಯಾರದ ಮಾಮ ಎಂದು ಕರೆಯುವ ನಾನು, ವಯಸ್ಸು 68 ವರ್ಷ, ಉದ್ಯೋಗ ಗಡಿಯಾರ ರಿಪೇರಿ, ವಾಸ ನೀರಿನ ಟ್ಯಾಂಕಿನ ಹಿಂದಿನ ಓಣಿ, ಮೂರನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಣ್ಣ, 76 ವರ್ಷ, ಯುದ್ಧದಲ್ಲಿ ಗಾಯಾಳುಗಳ ಲಾರಿ ಓಡಿಸಿದವರು. ಎರಡು ವರ್ಷದಿಂದ ಮರೆವು. ನನ್ನನ್ನೇ ಕೆಲವೊಮ್ಮೆ, ನೀವು ಯಾರ ಪೈಕಿ ಎಂದು ಕೇಳುತ್ತಾರೆ. ಆ ಲಾರಿ ಮಾತ್ರ ಮೊಳೆ ಮೊಳೆಯೂ ನೆನಪಿದೆ. ಆದ್ದರಿಂದ ಅಸಲಿಗಿಂತ ಮೂವತ್ತೈದು ಪಟ್ಟು ಚಿಕ್ಕದಾದ ಅದರ ಪ್ಲಾಸ್ಟಿಕ್ ಮಾದರಿ ತರಿಸಿ, ನಾಲ್ಕು ತಿಂಗಳಿಂದ ಇಬ್ಬರೂ ಕೂತು ಜೋಡಿಸುತ್ತಿದ್ದೆವು. ಚಿಮಟ ನನ್ನ ಕೈಯಲ್ಲಿ, ಅಧಿಕಾರ ಅವರ ಬಾಯಲ್ಲಿ. ಎಡ ಮಡ್‌ಗಾರ್ಡಿನ ತಗ್ಗು ಸಾಲದು, ಕೆಸರಿನ ಬಣ್ಣ ಕೆಂಪಾಯಿತು, ನಿನ್ನ ಕೈಗೆ ಗಡಿಯಾರ ಕೊಟ್ಟವರ ಗತಿ ಏನೋ ಎಂದು ಬೈಯುತ್ತಿದ್ದರು. ಬೈಯುವ ಹೊತ್ತಿಗೆ ನಾನು ತಮ್ಮನೆಂಬ ಗುರುತು ಸಿಗುತ್ತಿತ್ತು.

ಹಿಂಬಾಗಿಲು ಅಂಟಿಸಬೇಡ ಎಂದು ದಿನಾ ಹೇಳುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ 10:20ಕ್ಕೆ ಕೊನೆಯ ಬಣ್ಣ ಬಳಿಯುವಾಗ ಆ ಬಾಗಿಲು ಎರಡು ಸಲ ಕಳಚಿ ಬಿತ್ತು. ಸಡಿಲವಿದ್ದದ್ದನ್ನು ಕಂಡರೆ ಗಡಿಯಾರದವನ ಕೈ ಸುಮ್ಮನಿರದು. ಒಂದು ಹನಿ ಅಂಟು ಹಾಕಿದೆ. ಮೇಲೆ ಧೂಳಿನ ಬಣ್ಣ ಹಚ್ಚಿ ಸಂದೂ ಕಾಣದಂತೆ ಮಾಡಿದೆ.

ಮಧ್ಯಾಹ್ನ 3:40ಕ್ಕೆ ಅಣ್ಣ ಬಂದು ಉಗುರಿನಿಂದ ಬಾಗಿಲು ಎಳೆದರು. ಬರಲಿಲ್ಲ. ಒಳಗೆ ಮೂರು ಜನ ಇದ್ದಾರಲ್ಲೋ ಎಂದರು. ಇದು ಆಟದ ಸಾಮಾನು ಅಣ್ಣಾ ಎಂದೆ. ಅವರು ಕೂಗಾಡಲಿಲ್ಲ. ನನ್ನ ಮುಖ ನೋಡಿ, ಸ್ವಾಮಿ, ನಿಮ್ಮ ಹತ್ರ ಒಂದು ರಾಡ್ ಇದ್ರೆ ಕೊಡಿ ಎಂದು ಬಹುವಚನದಲ್ಲಿ ಕೇಳಿದರು. ಬ್ಲೇಡು ತರಲು ಒಳಗೆ ಹೋದೆ. ಹುಡುಕಲು ಆರು ನಿಮಿಷ ಹಿಡಿಯಿತು. ಬಂದು ನೋಡಿದರೆ ಅಣ್ಣನೂ ಇಲ್ಲ, ಲಾರಿಯೂ ಇಲ್ಲ.

4:10ಕ್ಕೆ, ಮನೆಯಿಂದ 300 ಮೀಟರ್ ದೂರದ ವೆಲ್ಡಿಂಗ್ ಅಂಗಡಿಯವನಿಗೆ ಬಾಗಿಲು ಒಡೆದು ಕೊಡು ಎಂದರಂತೆ. ತಾತ, ಬೆಂಕಿ ಮುಟ್ಟಿಸಿದ್ರೆ ಇದು ಕರಗಿಹೋಗುತ್ತೆ ಎಂದನಂತೆ. ಅದನ್ನು ಎದೆಗೆ ಅವಚಿಕೊಂಡು ಮುಖ್ಯ ರಸ್ತೆಯ ಕಡೆ ಹೋದವರು ಇದುವರೆಗೆ ಮನೆಗೆ ಬಂದಿಲ್ಲ.

5 ಗಂಟೆಗೆ ಅತ್ತಿಗೆ ಹೇಳಿದರು: ಯುದ್ಧದಲ್ಲಿ ಲಾರಿ ಮಗುಚಿ, ಹಿಂಬಾಗಿಲು ಬಿಗಿದು, ಒಳಗಿದ್ದ ಮೂವರು ಹೊರಬರಲಿಲ್ಲವಂತೆ. ನನಗೆ ಮೊದಲೇ ಹೇಳಬಾರದಿತ್ತೇ ಎಂದೆ. ನೀವು ಕೇಳಿದ್ರಾ ಎಂದರು.

ಅಣ್ಣ ನೀಲಿ ಅಂಗಿ ಹಾಕಿದ್ದಾರೆ, ಎಡಗಾಲು ಎಳೆದು ನಡೆಯುತ್ತಾರೆ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಡ್ರೈವರ್ ಎಂದರೆ ನಿಲ್ಲುತ್ತಾರೆ. ಲಾರಿಯನ್ನು ಕಿತ್ತುಕೊಳ್ಳಬೇಡಿ. ಬ್ಲೇಡನ್ನು ಇಲ್ಲೇ ಕೊಟ್ಟಿದ್ದೇನೆ. ಬಾಗಿಲಿನ ಬಲ ಅಂಚಿನಲ್ಲಿ, ಕೆಳಗಿನಿಂದ ಎರಡು ಮಿಲಿಮೀಟರ್ ಮೇಲೆ, ಒಂದೇ ಹನಿ ಅಂಟು ಇದೆ. ಅಲ್ಲಿ ಒತ್ತಿದರೆ ಬಿಡುತ್ತದೆ. ಅವರ ಕಣ್ಣೆದುರಿಗೇ ತೆರೆಯಿರಿ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಅಂಟು ಹಾಕಿದವನು ನಾನು ಎಂಬುದೂ ಸೇರಿ.

ಸ್ಥಳ: ಠಾಣೆ
ದಿನಾಂಕ: 14, ಮಂಗಳವಾರ, ಬೆಳಿಗ್ಗೆ 8:15
ಸಹಿ: ಕಾಣೆಯಾದವರ ತಮ್ಮ