ಕೆರೆದುಕೊಳ್ಳದ ಬೆಕ್ಕು

ಪಶುವೈದ್ಯರ ಕೋಣೆಯ ಹೊರಗೆ ಎಡೆಬಿಡದೆ ಕೆರೆದುಕೊಳ್ಳುತ್ತಿದ್ದ ತನ್ನ ನಾಯಿಯನ್ನು ಹಿಡಿದು ಕೂತಿದ್ದ ದರ್ಜಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸೊಸೆಯ ಕಾಲ ಬಳಿ ನಾಯಿ, ಅತ್ತೆಯ ಮಡಿಲಲ್ಲಿ ಬೆಕ್ಕು.

“ನೋಡಿ ಅತ್ತೆ, ನಾಯಿ ಬಾಲದ ಬುಡದಲ್ಲಿ ಉದುರಿದ್ದ ಕೂದಲು ಮತ್ತೆ ಬಂದೇಬಿಡ್ತು!”

“ಕಂಡೆ ಕಣೆ, ಡಂಗುರ ಸಾರಬೇಡ.”

“ಕಜ್ಜಿ ನಾಯಿ, ಯಾರಿಗಾದ್ರೂ ಕೊಟ್ಟುಬಿಡು ಅಂದಿದ್ದು ಯಾರು?”

“ಕಚ್ಚಿ ಕಚ್ಚಿ ಮೈಯೆಲ್ಲ ಹುಣ್ಣು ಮಾಡ್ಕೊಂಡಿತ್ತು. ಚಿಗಟ ಅಂದೆ ನೀನು, ಹುಡುಕಿದ್ರೆ ಒಂದೂ ಸಿಗ್ಲಿಲ್ಲ.”

“ಇವನಿಗೆ ಅಲರ್ಜಿ, ಒಂದು ಕಚ್ಚಿದ್ರೂ ಸಾಕು ಅಂದ್ರಲ್ಲ ಡಾಕ್ಟರು. ಔಷಧಿ ಹಾಕಿದ್ರೂ ಮತ್ತೆ ಮತ್ತೆ ಯಾಕೆ ಬರ್ತಿತ್ತು, ಹೇಳಿ?”

ಅತ್ತೆ ಬೆಕ್ಕಿನ ಕಿವಿ ಮುಚ್ಚಿದರು.

“ನನ್ನ ರಾಣಿ ಒಂದು ದಿನವೂ ಕೆರ್ಕೊಂಡಿಲ್ಲ.”

“ಕೆರ್ಕೊಳ್ದೇ ಚಿಗಟ ಸಾಕ್ತಿದ್ಳು! ಬಾಚಿದಾಗ ಉದುರಿದ ಕರಿ ಹುಡಿ ಒದ್ದೆ ಹತ್ತಿ ಮೇಲೆ ಕೆಂಪಾಗ್ಲಿಲ್ವಾ? ಚಿಗಟದ ಹಿಕ್ಕೆ ಅದು, ಕುಡಿದ ರಕ್ತ!”

ದರ್ಜಿ, ಮನೆಯಲ್ಲಿ ಬಟ್ಟೆಗಂಟಿನ ಮೇಲೆ ಹಾಯಾಗಿ ಮಲಗಿರುವ ತನ್ನ ಬೆಕ್ಕನ್ನು ನೆನೆದು ಬೆಚ್ಚಿದ.

“ಆಯ್ತಮ್ಮ, ಕಳ್ಳಿ ನನ್ನವಳೇ. ಅದಕ್ಕೇ ತಿಂಗಳು ತಿಂಗಳು ಇವಳಿಗೂ ಔಷಧಿ ಹಾಕಿಸ್ತಿದೀನಲ್ಲ, ಹಾಸಿಗೆಯೆಲ್ಲ ಬಿಸಿನೀರಲ್ಲಿ ಒಗೀತಿದೀನಲ್ಲ!”

“ಹಾಗಾದ್ರೆ ನಾಯಿ?”

“ಎಲ್ಲೂ ಹೋಗಲ್ಲ. ಯಾರಾದ್ರೂ ಕೇಳ್ಕೊಂಡು ಬರ್ಲಿ, ಚಳಿ ಬಿಡಿಸ್ತೀನಿ.”

ಒಳಗಿನಿಂದ ಕರೆ ಬಂತು. ಅತ್ತೆ ಬೆಕ್ಕನ್ನು ಸೊಸೆಯ ಕೈಗಿತ್ತು, ನಾಯಿಯ ಹಗ್ಗ ತಾವೇ ಹಿಡಿದು, ಮೆರವಣಿಗೆ ಹೊರಟವರಂತೆ ಮುಂದೆ ನಡೆದರು.