ಗೀಟು ಎಳೆದ ಹೊಲಗಳು

ಜ್ವರದ ಮಗಳಿಗೆ ಔಷಧಿ ಕೊಡಿಸಿಕೊಂಡು ತಾಯಿಯೊಬ್ಬಳು ಬಸ್ಸಿಗೆ ಕಾಯುತ್ತಿದ್ದಳು. ಊರಲ್ಲಿ ಗಂಡ, ಸರ್ಕಾರ ಹಂಚಿದ ಹೊಸ ಬೀಜವನ್ನು ಬೆಳಗ್ಗೆಯಿಂದ ಬಿತ್ತುತ್ತಿದ್ದ. ಪಕ್ಕದ ಬೆಂಚಿನಲ್ಲಿ ಹೊಲಹೊಲ ಸುತ್ತಿ ಇಳುವರಿ ಅಳೆಯುವ ಇಬ್ಬರಿದ್ದರು, ನರೆತ ಮೀಸೆಯವನೊಬ್ಬ, ಹುಡುಗಿಯೊಬ್ಬಳು.

"ಅಣ್ಣ, ಪೈರು ಪೂರ್ತಿ ಒಣಗಿದ ಹೊಲಕ್ಕೆ ನೀವೇನು ಬರೀತೀರಿ?"

"ಸೊನ್ನೆ. ಇನ್ನೇನು, ಪದ್ಯ ಬರೀಲಾ?"

"ಬೀಜದ ಪರೀಕ್ಷೆಗೆ ಬಿತ್ತಿದ್ದ ಅಂಥ ಹೊಲಗಳಿಗೆ ನಾನು ಗೀಟು ಎಳೆದುಬಿಟ್ಟೆ. ಕೊಯ್ಯೋಕೇ ಏನೂ ಇರಲಿಲ್ವಲ್ಲ ಅಂತ."

ಅವನ ನಗು ಅಲ್ಲಿಗೇ ನಿಂತಿತು.

"ಅಯ್ಯೋ ತಂಗಿ, ಗೀಟು ಅಂದ್ರೆ ಅಳೆದೇ ಇಲ್ಲ ಅಂತ. ಕಂಪ್ಯೂಟರ್ ಆ ಹೊಲಾನ ಲೆಕ್ಕಕ್ಕೇ ತಗೊಳ್ಳಲ್ಲ."

"ಆಮೇಲೆ ಗೊತ್ತಾಯ್ತಣ್ಣ, ಅದಕ್ಕೇ ಸರಾಸರಿ ಅಷ್ಟು ಏರಿದ್ದು. ಚೆನ್ನಾಗಿ ಬೆಳೆದ ಹೊಲಗಳಷ್ಟೇ ಉಳಿದಿವೆ."

"ಎಷ್ಟು ಹೊಲಕ್ಕೆ ಎಳೆದೆ?"

"ಅರ್ಧಕ್ಕರ್ಧ."

"ಸಾಹೇಬ್ರಿಗೆ ಹೇಳಿದ್ಯಾ?"

"ಹೇಳ್ದೆ. ಸರಾಸರಿ ನೋಡೇ ಬೀಜ ಊರೂರಿಗೆ ಹಂಚಾಯ್ತು, ಇನ್ನು ತೆಪ್ಪಗಿರು ಅಂದ್ರು."

"ಮತ್ತೆ ತೆಪ್ಪಗಿರು."

"ಜನ ಬಿತ್ತುತಾ ಇದಾರಣ್ಣ."

"ನಿಂಗೆ ಕೆಲಸ ಬೇಕೋ ಬೇಡ್ವೋ?"

ಅವರ ಬಸ್ಸು ಬಂತು. ಇಬ್ಬರೂ ಎದ್ದರು. ತಾಯಿಯೂ ಮಗುವನ್ನೆತ್ತಿಕೊಂಡು ಎದ್ದಳು.

"ಅಣ್ಣಾ, ನೀವು ಹೇಳ್ತಿರೋದು ಮೊನ್ನೆ ಹಂಚಿದ್ರಲ್ಲ, ಆ ಬೀಜಾನಾ?"

ಹುಡುಗಿ ಬಾಯಿ ತೆರೆದಳು. ಅವನು ಅವಳ ಮೊಣಕೈ ಹಿಡಿದು, "ಏನಿಲ್ಲಮ್ಮ, ಆಫೀಸಿನ ಮಾತು" ಎನ್ನುತ್ತಾ ಮೆಟ್ಟಿಲು ಹತ್ತಿಸಿದ. ಬಸ್ಸು ಹೊರಟಿತು.