ಬಾಗಿಲಿಗೆ ಬಾರದ ಗೋರಿ

ಸೌದಿಯ ಯಾನ್ಬುವಿನ ಬಸ್ ನಿಲ್ದಾಣದಲ್ಲಿ ಗಂಡನಿಗಾಗಿ ಕಾಯುತ್ತಿದ್ದ ಝೊಹರಾಳ ಕಿವಿಗೆ ಹಿಂದಿನ ಬೆಂಚಿನಿಂದ ಕನ್ನಡ ಬಿತ್ತು. ಮದಾಯಿನ್ ಸಾಲೆಹ್‌ನ ಪುರಾತನ ಬಂಡೆಗೋರಿಗಳಿಗೆ ವಿದ್ಯುತ್ ದೀಪ ಹಾಕಲು ಹೊರಟ ಇಬ್ಬರು ಕೆಲಸಗಾರರು. ಸಮದ್‌ಗೆ ಇದು ಮೊದಲ ಸಲ, ದೇಜಪ್ಪನಿಗೆ ಮೂರನೆಯದು.

“ನಾನು ಬರುವುದಿಲ್ಲ ಮಾರಾಯ,” ಎಂದ ಸಮದ್. “ದೇವರ ಶಾಪದ ಒಂದೇ ಕೂಗಿಗೆ ಇಡೀ ಊರು ಸತ್ತು ಬಿದ್ದ ಜಾಗ ಅದು. ಅಲ್ಲಿನ ಬಾವಿ ನೀರು ಸಹ ಕುಡಿಯಬಾರದು.”

“ಕೂಗೂ ಇಲ್ಲ, ಎಂತದೂ ಇಲ್ಲ. ವ್ಯಾಪಾರ ಹಡಗಿಗೆ ಹೋಯಿತು, ಒಂಟೆಯವರು ಬರುವುದು ನಿಂತಿತು, ಊರು ಖಾಲಿಯಾಯಿತು ಅಂತ ಇಂಜಿನಿಯರ್ ಹೇಳಿದ್ದು. ನೀನು ಬರದಿದ್ದರೆ ಕೆಲಸ ಕೊಟ್ಟ ಕಫೀಲ್ ಸೀದಾ ಊರಿಗೆ ಕಳಿಸ್ತಾನೆ.”

“ನಿನಗೆ ಹೆದರಿಕೆಯೇ ಆಗಲಿಲ್ಲವಾ?”

ದೇಜಪ್ಪ ದನಿ ತಗ್ಗಿಸಿದ.

“ಒಂದು ಗೋರಿ ಅರ್ಧ ಉಂಟು. ಆ ಕಾಲದವರು ಬಂಡೆಯನ್ನು ಮೇಲಿನಿಂದ ಕೆಳಗೆ ಕೆತ್ತುವುದು. ಕೆತ್ತನೆ ಬಾಗಿಲಿಗೆ ಬರಲೇ ಇಲ್ಲ. ಉಳಿಯ ಗೆರೆ ನಿನ್ನೆ ಹಾಕಿದ ಹಾಗೆ ಉಂಟು. ನಾಳೆ ಬರ್ತೇನೆ ಅಂತ ಹೋದವನ ಕೆಲಸ ಅದು.”

“ಅವರ ನಂತರ ಯಾರು ಬಂದರು?”

“ಈಗ ನಾವೇ ಅಲ್ಲವಾ, ದೀಪ ಹಾಕುವವರು.”

ಬಸ್ಸು ಬಂತು. “ಯಲ್ಲಾ!” ಎಂದು ಚಾಲಕ ಬೇಗ ಹತ್ತುವಂತೆ ಕೂಗಿದ. ಸಮದ್ ಏಳಲಿಲ್ಲ. ದೇಜಪ್ಪ ಬೆಂಚಿನಡಿಯಿಂದ ನೀರು ತುಂಬಿದ ಎರಡು ದೊಡ್ಡ ಕ್ಯಾನುಗಳನ್ನು ಎಳೆದ.

“ಇದೆಂತಕ್ಕೆ? ಅಲ್ಲಿ ಬಾವಿ ಉಂಟಲ್ಲ?”

“ಉಂಟು. ಒಂದು ನನಗೆ, ಒಂದು ನಿನಗೆ.”

ಸಮದ್ ಎದ್ದು ತನ್ನ ಕ್ಯಾನನ್ನು ಎತ್ತಿಕೊಂಡ.